ಹಳೆಯ ಸೈಕಲ್ಲಿನ ಕಾಟರ್ ಪಿನ್ನು ಮತ್ತು 26 ಅಂಗುಲದ ಟಯರು: ಸರಿಹೊಂದುವ ಬಿಡಿಭಾಗವನ್ನು ಗುರುತಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಬಹಳ ವರ್ಷ ಓಡಿಸಿದ ಸೈಕಲ್ಲನ್ನು ಮನೆಯಲ್ಲಿಯೇ ಬಿಚ್ಚಿ ಸರಿಪಡಿಸುವ ಕೆಲಸಕ್ಕೆ ಎರಡು ತಿಂಗಳ ಹಿಂದೆ ಕೈಹಾಕಿದೆ. ಫ್ರೇಮು ಗಟ್ಟಿಯಾಗಿದೆ, ರಿಮ್ಮುಗಳ ತುಕ್ಕು ಮೇಲುಮೇಲಿನದು, ಹಬ್ಬುಗಳನ್ನು ತೊಳೆದು ಗ್ರೀಸು ತುಂಬಿದ ಮೇಲೆ ಚಕ್ರಗಳು ಹಗುರವಾಗಿ ತಿರುಗುತ್ತಿವೆ. ಬಿಚ್ಚುವುದಾಗಲಿ ಜೋಡಿಸುವುದಾಗಲಿ ನನಗೆ ಅಷ್ಟು ಕಷ್ಟವೆನಿಸಲಿಲ್ಲ. ಸವೆದ ಭಾಗಕ್ಕೆ ಬದಲಿ ಭಾಗ ಹುಡುಕುವಾಗ ಮಾತ್ರ ಪ್ರತಿಸಲವೂ ಸೋಲುತ್ತಿದ್ದೇನೆ.

ಸದ್ಯಕ್ಕೆ ಮೂರು ತೊಂದರೆಗಳಿವೆ. ಎಡಗಡೆಯ ಪೆಡಲನ್ನು ತುಳಿದಾಗ ಸುತ್ತಿಗೊಮ್ಮೆ "ಕಟ್" ಎಂದು ಸದ್ದಾಗುತ್ತದೆ, ಕಾಲಿಗೂ ಅದು ತಿಳಿಯುತ್ತದೆ. ಆ ಪೆಡಲಿನ ತೋಳನ್ನು, ಅಂದರೆ ಕ್ರ್ಯಾಂಕನ್ನು, ಆಕ್ಸಲ್ಲಿಗೆ ಬಿಗಿಯುವ ಬೆಣೆಯಂಥ ಕಾಟರ್ ಪಿನ್ನನ್ನು ಹೊರತೆಗೆಯುವಾಗ ಸುತ್ತಿಗೆಯ ಏಟಿಗೆ ಅದರ ತ್ರೆಡ್ಡು ಹಾಳಾಯಿತು. ಹೊಸದೆಂದು ತಂದ ಒಂದು ಪಿನ್ನು ತಲೆಯವರೆಗೂ ಸಲೀಸಾಗಿ ಒಳಗೆ ಇಳಿಯಿತು, ನಟ್ಟು ಬಿಗಿದರೂ ಕ್ರ್ಯಾಂಕು ಅಲುಗಾಡುತ್ತದೆ. ಇನ್ನೊಂದು ಕಡೆಯಿಂದ ತಂದದ್ದು ಅರ್ಧಕ್ಕೂ ಹೋಗಲಿಲ್ಲ. ಎರಡನ್ನೂ ಕೊಟ್ಟವರು "ಎಲ್ಲ ಸೈಕಲ್ಲಿಗೂ ಇದೇ" ಎಂದೇ ಹೇಳಿದ್ದರು.

ಎರಡನೆಯದು ಹಿಂದಿನ ಟಯರು. ಹಳೆಯ ಟಯರಿನ ಮೇಲೆ 26 × 1⅜ ಎಂಬಷ್ಟು ಮಾತ್ರ ಓದಲು ಬರುತ್ತದೆ. ನಾನು ಕೊಂಡದ್ದು 26 × 1.75. ಎಷ್ಟು ಎಳೆದರೂ ಅದು ರಿಮ್ಮಿನ ಅಂಚನ್ನು ದಾಟಲಿಲ್ಲ, ಲಿವರಿನ ನಡುವೆ ಸಿಕ್ಕಿ ಒಂದು ಟ್ಯೂಬೂ ಹರಿಯಿತು. ಎರಡೂ 26 ಆಗಿರುವಾಗ ಹೀಗೇಕೆ?

ಮೂರನೆಯದಾಗಿ, ಏರು ಹತ್ತುವಾಗ ಪೆಡಲು ಒಮ್ಮೊಮ್ಮೆ ಜಾರಿ ಮುಂದಕ್ಕೆ ಬೀಳುತ್ತದೆ. ಫ್ರೀವೀಲು (ಹಿಂದಿನ ಹಬ್ಬಿನ ಮೇಲೆ ಚೈನು ಕೂರುವ ಹಲ್ಲಿನ ಚಕ್ರ) ಹೋಗಿದೆಯೆಂದು ಭಾವಿಸಿದ್ದೇನೆ, ಆದರೆ ಅದನ್ನು ಬಿಚ್ಚುವ ಸಲಕರಣೆ ಯಾವುದೂ ಅದರ ಕಚ್ಚುಗಳಿಗೆ ಕೂರುತ್ತಿಲ್ಲ. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1

ತಾವು ತಂದ ಎರಡು ಪಿನ್ನುಗಳ ವರ್ತನೆಯಲ್ಲಿಯೇ ಉತ್ತರವಿದೆ. ಕಾಟರ್ ಪಿನ್ನು ನೋಡಲು ಒಂದೇ ರೀತಿ ಇದ್ದರೂ ಮುಖ್ಯವಾಗಿ ಎರಡು ದಪ್ಪಗಳಲ್ಲಿ ಬರುತ್ತದೆ, 9.5 ಮಿ.ಮೀ. ಮತ್ತು 9 ಮಿ.ಮೀ. ಮೊದಲನೆಯದು ಬ್ರಿಟಿಷ್ ಅಳತೆಯ ಮುಕ್ಕಾಲು ಅಂಗುಲದ ಅರ್ಧ, ಅಂದರೆ ಎಂಟರಲ್ಲಿ ಮೂರು ಅಂಗುಲ. ಅರ್ಧ ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಮಾತ್ರ ಕಾಣುತ್ತದೆ. ಆದ್ದರಿಂದ ಪಿನ್ನನ್ನು ಅಳೆಯುವ ಮೊದಲು ಕ್ರ್ಯಾಂಕಿನ ತೂತನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿರಿ. ಹಳೆಯ ಪಿನ್ನು ಸವೆದಿರುತ್ತದೆ, ಜಜ್ಜಿರುತ್ತದೆ, ಅದರ ಅಳತೆಯನ್ನು ನಂಬಬೇಡಿ. ತೂತು 9.5 ಇದ್ದು 9ರ ಪಿನ್ನು ಹಾಕಿದರೆ ನಟ್ಟಿನ ಬಿಗಿತದಿಂದ ಒಂದೆರಡು ದಿನ ನಿಂತಂತೆ ಕಂಡರೂ ಆಕ್ಸಲ್ಲಿನ ಕೊರೆದ ಮುಖವನ್ನು ಅದು ತಿಂದುಹಾಕುತ್ತದೆ. ಆಮೇಲೆ ಪಿನ್ನಿನ ಜೊತೆ ಆಕ್ಸಲ್ಲನ್ನೂ ಹುಡುಕಬೇಕಾಗುತ್ತದೆ.

ದಪ್ಪದ ಜೊತೆಗೆ ಪಿನ್ನಿನ ಚಪ್ಪಟೆ ಮುಖದ ಓರೆಯೂ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಹೀಗಾಗಿ ಸರಿಯಾದ ದಪ್ಪದ ಪಿನ್ನು ಸಿಕ್ಕರೂ ಅದನ್ನು ತಂದ ಹಾಗೆಯೇ ಹೊಡೆದು ಕೂರಿಸಬಾರದು. ಚಪ್ಪಟೆ ಮುಖಕ್ಕೆ ಬರೆಯುವ ಮಾರ್ಕರಿನ ಮಸಿ ಬಳಿಯಿರಿ, ಪಿನ್ನನ್ನು ತೂರಿಸಿ ಹಗುರವಾಗಿ ಒಂದು ಏಟು ಕೊಡಿ, ಮತ್ತೆ ಹೊರತೆಗೆದು ಮಸಿ ಎಲ್ಲಿ ಉಜ್ಜಿಹೋಗಿದೆ ಎಂದು ನೋಡಿ. ಒಂದು ತುದಿಯಲ್ಲಷ್ಟೇ ಉಜ್ಜಿದ್ದರೆ ಪಿನ್ನು ಆಕ್ಸಲ್ಲನ್ನು ಒಂದು ಗೆರೆಯಲ್ಲಿ ಮಾತ್ರ ಮುಟ್ಟುತ್ತಿದೆ ಎಂದರ್ಥ. ಆ ಎತ್ತರದ ಜಾಗವನ್ನು ನಯವಾದ ಅರದಿಂದ ಎರಡು ಮೂರು ಬಾರಿ ಉಜ್ಜಿ, ಮತ್ತೆ ಮಸಿ ಬಳಿದು ಮತ್ತೆ ನೋಡಿ. ಮುಖದ ಉದ್ದಕ್ಕೂ ಮಸಿ ಅಳಿಸಿಹೋಗುವವರೆಗೆ ಇದನ್ನು ಮಾಡಬೇಕು. ನನಗೆ ಒಂದು ಪಿನ್ನಿಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ, ಆ ಅರ್ಧ ಗಂಟೆಯನ್ನು ಉಳಿಸಲು ಹೋದಾಗಲೆಲ್ಲ ಆ ಕೆಲಸವನ್ನು ಎರಡನೆಯ ಸಲ ಮಾಡಿದ್ದೇನೆ.

ಹೊರತೆಗೆಯುವಾಗ ತ್ರೆಡ್ಡು ಹಾಳಾಗಲು ಕಾರಣ ಏಟಿನ ಬಲವಲ್ಲ, ಏಟಿಗೆ ಆಧಾರವಿಲ್ಲದಿರುವುದು. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಬೇಕು. ನಟ್ಟನ್ನು ಪೂರ್ತಿ ತೆಗೆಯದೆ, ಅದರ ಮೇಲಂಚು ಪಿನ್ನಿನ ತುದಿಗೆ ಸಮವಾಗಿ ನಿಲ್ಲುವಷ್ಟು ಸಡಿಲಿಸಿ. ಪಿನ್ನಿನ ತಲೆ ಒಳಗೆ ಇಳಿಯುವಷ್ಟು ಅಗಲದ ಕಬ್ಬಿಣದ ಕೊಳವೆಯೊಂದನ್ನು ನೆಲದಿಂದ ಕ್ರ್ಯಾಂಕಿನ ಅಡಿಗೆ ಒತ್ತರಿಸಿ ನಿಲ್ಲಿಸಿ. ಆಗ ಏಟು ಕೊಳವೆಯ ಮೂಲಕ ನೆಲಕ್ಕೆ ಹೋಗುತ್ತದೆ, ಆಕ್ಸಲ್ಲಿನ ಗುಂಡುಗಳ ಮೇಲೆ ಬೀಳುವುದಿಲ್ಲ. ಭಾರದ ಸುತ್ತಿಗೆಯಿಂದ ಒಂದೇ ನೇರ ಏಟು ಸಾಕು. ಹಗುರ ಸುತ್ತಿಗೆಯಿಂದ ಹತ್ತು ಬಾರಿ ಬಡಿದರೆ ಪಿನ್ನಿನ ತುದಿ ಅಣಬೆಯಂತೆ ಅರಳಿ ತೂತಿನಲ್ಲೇ ಸಿಕ್ಕಿಕೊಳ್ಳುತ್ತದೆ.

ಕೂರಿಸುವಾಗಲೂ ಅದೇ ಕೊಳವೆಯ ಆಧಾರ ಬೇಕು. ಪಿನ್ನನ್ನು ಬಿಗಿಗೊಳಿಸುವುದು ಸುತ್ತಿಗೆ. ನಟ್ಟು ಇರುವುದು ಅದು ಹಿಂದಕ್ಕೆ ಬಾರದಂತೆ ತಡೆಯುವುದಕ್ಕೆ ಮಾತ್ರ. ನಟ್ಟಿನಿಂದಲೇ ಎಳೆದು ಕೂರಿಸಲು ಹೋದರೆ ತ್ರೆಡ್ಡು ಕಿತ್ತುಹೋಗುತ್ತದೆ. ಎರಡು ಕ್ರ್ಯಾಂಕುಗಳ ಪಿನ್ನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿರಬೇಕು: ಒಂದರ ನಟ್ಟು ಮುಂದಕ್ಕೆ ಮುಖ ಮಾಡಿದ್ದರೆ ಆಗ ಇನ್ನೊಂದರದು ಹಿಂದಕ್ಕಿರಬೇಕು.

ಇಷ್ಟಕ್ಕೂ ಮೊದಲು, ಸದ್ದು ಪಿನ್ನಿನದೇ ಎಂದು ಖಚಿತಪಡಿಸಿಕೊಳ್ಳಿ. ಎರಡೂ ಕ್ರ್ಯಾಂಕುಗಳನ್ನು ಎರಡು ಕೈಗಳಲ್ಲಿ ಹಿಡಿದು ಅಲುಗಿಸಿ. ಒಂದು ನಿಂತೇ ಇದ್ದು ಇನ್ನೊಂದು ಮಾತ್ರ ಅಲುಗಿದರೆ ಪಿನ್ನಿನ ದೋಷ. ಎರಡೂ ಒಟ್ಟಿಗೆ ಪಕ್ಕಕ್ಕೆ ಅಲುಗಿದರೆ ಆಕ್ಸಲ್ಲಿನ ಗುಂಡುಗಳು ಕೂರುವ ಬಟ್ಟಲು, ಅಂದರೆ ಕಪ್ಪು, ಸಡಿಲವಾಗಿದೆ ಅಥವಾ ಗುಂಡುಗಳು ಸವೆದಿವೆ.

ಉತ್ತರ 2

ಟಯರಿನ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ತಮ್ಮಿಂದ ತಪ್ಪಾಗಿಲ್ಲ, 26 ಎಂಬ ಅಂಕಿಯೇ ದಾರಿ ತಪ್ಪಿಸುವಂಥದ್ದು. ಹಿಂದೆ ಆ ಅಂಕಿ ಸೂಚಿಸುತ್ತಿದ್ದದ್ದು ರಿಮ್ಮಿನ ಅಳತೆಯನ್ನಲ್ಲ, ಗಾಳಿ ತುಂಬಿದ ಟಯರಿನ ಹೊರ ವ್ಯಾಸವನ್ನು, ಅದೂ ಸ್ಥೂಲವಾಗಿ. ಹೊರಗಿನ ವ್ಯಾಸ 26 ಆಗಬೇಕಾದರೆ ದಪ್ಪ ಟಯರಿಗೆ ಚಿಕ್ಕ ರಿಮ್ಮು ಬೇಕು, ತೆಳು ಟಯರಿಗೆ ದೊಡ್ಡ ರಿಮ್ಮು ಬೇಕು. ಹೀಗೆ ಒಂದೇ ಹೆಸರಿನಡಿ ಹಲವು ರಿಮ್ಮುಗಳು ಹುಟ್ಟಿಕೊಂಡವು. ಟಯರು ಕೂರುವ ಜಾಗದಲ್ಲಿ 26 × 1⅜ಕ್ಕೆ ಸಾಮಾನ್ಯವಾಗಿ 590 ಮಿ.ಮೀ. ವ್ಯಾಸವಿರುತ್ತದೆ, 26 × 1½ಕ್ಕೆ 584, 26 × 1¾ಕ್ಕೆ 571, ತಾವು ತಂದ 26 × 1.75ಕ್ಕೆ 559. ಕೊನೆಯ ಎರಡನ್ನು ಗಮನಿಸಿ. ಗಣಿತದಲ್ಲಿ 1¾ ಮತ್ತು 1.75 ಒಂದೇ, ಟಯರಿನಲ್ಲಿ ಅವು 12 ಮಿಲಿಮೀಟರು ದೂರ. ಭಿನ್ನರಾಶಿಯಲ್ಲಿ ಬರೆದ ಟಯರಿಗೆ ದಶಮಾಂಶದಲ್ಲಿ ಬರೆದದ್ದು ಬದಲಿಯಾಗುವುದಿಲ್ಲ ಎಂದು ನೆನಪಿಟ್ಟುಕೊಂಡರೆ ಅರ್ಧ ತಾಪತ್ರಯ ತಪ್ಪುತ್ತದೆ.

ತಮ್ಮ ರಿಮ್ಮು 590ರದು ಆಗಿದ್ದರೆ 559ರ ಟಯರು ವ್ಯಾಸದಲ್ಲಿ 31 ಮಿ.ಮೀ. ಚಿಕ್ಕದು. ಟಯರಿನ ಅಂಚಿನೊಳಗೆ ಹಿಗ್ಗದ ತಂತಿ ಇರುವುದರಿಂದ ಎಷ್ಟು ಬಲ ಹಾಕಿದರೂ ಅದು ದಾಟಲಾರದು. ದಾಟದಿದ್ದದ್ದೇ ಒಳ್ಳೆಯದಾಯಿತು. ನಿಜವಾಗಿ ಅಪಾಯ ಇರುವುದು ಇದರ ವಿರುದ್ಧ ಸಂದರ್ಭದಲ್ಲಿ. ಒಂದಿಷ್ಟೇ ದೊಡ್ಡದಾದ ಟಯರು ಸುಲಭವಾಗಿ ಕೂತಂತೆ ಕಾಣುತ್ತದೆ, ಗಾಳಿ ತುಂಬಿ ಓಡಿಸುವಾಗ ರಿಮ್ಮಿನಿಂದ ಕಳಚಿಕೊಳ್ಳುತ್ತದೆ.

ಈಗಿನ ಟಯರುಗಳ ಪಕ್ಕೆಯಲ್ಲಿ ಐಎಸ್‌ಒ 5775 ಮಾನಕದ ಪ್ರಕಾರ 37-590 ಎಂಬಂತಹ ಗುರುತು ಇರುತ್ತದೆ. ಮೊದಲ ಅಂಕಿ ಟಯರಿನ ಅಗಲ, ಎರಡನೆಯದು ರಿಮ್ಮಿನ ಮೇಲೆ ಅದು ಕೂರುವ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಟಯರು ಕೇಳುವಾಗ ಎರಡನೆಯ ಅಂಕಿಯನ್ನು ಹೇಳಿ ಕೇಳಿ. ಅಗಲ ಸ್ವಲ್ಪ ಹೆಚ್ಚುಕಡಿಮೆಯಾದರೆ ನಡೆಯುತ್ತದೆ, ಈ ವ್ಯಾಸ ಒಂದಿಷ್ಟೂ ಬದಲಾಗುವಂತಿಲ್ಲ.

ಹಳೆಯ ಟಯರಿನಲ್ಲಿ ಆ ಗುರುತು ಅಳಿಸಿರುವುದರಿಂದ ರಿಮ್ಮನ್ನೇ ಅಳೆಯಬೇಕು. ಟಯರು, ಟ್ಯೂಬು ಮತ್ತು ಕಡ್ಡಿಯ ತುದಿಗಳ ಮೇಲಿನ ಪಟ್ಟಿಯನ್ನು ತೆಗೆಯಿರಿ. ಬಾಗುವ, ಆದರೆ ಹಿಗ್ಗದ ತೆಳು ಪಟ್ಟಿಯೊಂದನ್ನು ರಿಮ್ಮಿನ ಒಳಗೆ, ಟಯರಿನ ಅಂಚು ಕೂರುವ ಮೆಟ್ಟಿಲಿನ ಮೇಲೆ ಸುತ್ತಿ, ಎರಡು ತುದಿ ಸೇರುವಲ್ಲಿ ಗುರುತು ಹಾಕಿ, ಬಿಡಿಸಿ ಅಳೆಯಿರಿ. ಬಂದ ಉದ್ದವನ್ನು 3.1416ರಿಂದ ಭಾಗಿಸಿ. 590ರ ರಿಮ್ಮಿಗೆ ಈ ಸುತ್ತಳತೆ ಸುಮಾರು 1854 ಮಿ.ಮೀ. ಬರುತ್ತದೆ, 559ಕ್ಕೆ ಸುಮಾರು 1756. ಈ ವಿಧಾನದಲ್ಲಿ ಎರಡು ಮೂರು ಮಿಲಿಮೀಟರಿನ ತಪ್ಪಾದರೂ ವ್ಯಾಸದಲ್ಲಿ ಒಂದು ಮಿಲಿಮೀಟರಿನಷ್ಟೇ ಏರುಪೇರಾಗುತ್ತದೆ. ಅಮೆರಿಕದ ಶ್ವಿನ್ ಸೈಕಲ್ಲುಗಳಲ್ಲಿ 26 × 1⅜ ಎಂದೇ ಬರೆದ 597ರ ಟಯರೂ ಇದ್ದುದರಿಂದ ಅಳೆಯದೆ ತೀರ್ಮಾನಿಸಬೇಡಿ.

ಉತ್ತರ 3

ಮೊದಲ ಉತ್ತರದಲ್ಲಿರುವ ವಿವರಣೆ ಒಪ್ಪತಕ್ಕದ್ದೇ. ಆದರೂ ಒಂದು ಬೇರೆ ಅಭಿಪ್ರಾಯವನ್ನು ಮುಂದಿಡುತ್ತೇನೆ. ಪ್ರತಿ ಸಲ ಪಿನ್ನಿಗಾಗಿ ಅಲೆಯುವ ಬದಲು ಕ್ರ್ಯಾಂಕು, ಆಕ್ಸಲ್ಲು ಎರಡನ್ನೂ ತೆಗೆದು, ಚೌಕದ ತುದಿಯ ಆಕ್ಸಲ್ಲಿರುವ ಮುಚ್ಚಿದ ಬೇರಿಂಗಿನ ಜೋಡಣೆಗೆ ಬದಲಾಯಿಸಿಬಿಡಬಹುದು. ಫ್ರೇಮಿನ ಅಡಿಯ ಆ ಅಡ್ಡ ಕೊಳವೆ 68 ಮಿ.ಮೀ. ಅಗಲವಿದ್ದು, ತ್ರೆಡ್ಡು 1.37 ಅಂಗುಲ ವ್ಯಾಸದ್ದು, ಅಂಗುಲಕ್ಕೆ 24 ಎಳೆಯದಾಗಿದ್ದರೆ ಇಂದಿಗೂ ಸುಲಭವಾಗಿ ಸಿಗುವ ಭಾಗ ಅದಕ್ಕೆ ಹೊಂದುತ್ತದೆ. ಈ ಮಾದರಿಯಲ್ಲಿ ಚೈನಿನ ಬದಿಯ ಕಪ್ಪಿಗೆ ಎಡಗೈ ತ್ರೆಡ್ಡು ಇರುತ್ತದೆ, ಬಿಚ್ಚಲು ಅದನ್ನು ಬಲಕ್ಕೆ ತಿರುಗಿಸಬೇಕು ಎಂಬುದನ್ನು ಮರೆಯಬೇಡಿ. ಆದರೆ ನಾಟಿಂಗ್‌ಹ್ಯಾಮಿನ ರ‍್ಯಾಲೀ ಸಂಸ್ಥೆಯ ಹಳೆಯ ಸೈಕಲ್ಲುಗಳಲ್ಲಿ ಅಂಗುಲಕ್ಕೆ 26 ಎಳೆಯ ತ್ರೆಡ್ಡು ಇರುತ್ತಿತ್ತು. ಅದರೊಳಕ್ಕೆ 24ರ ಕಪ್ಪನ್ನು ತಿರುಗಿಸಿದರೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಬಲವಂತ ಮಾಡಿದರೆ ಫ್ರೇಮಿನ ತ್ರೆಡ್ಡೇ ನಾಶವಾಗುತ್ತದೆ.

ಫ್ರೀವೀಲಿನ ಬಗ್ಗೆ: ಅದನ್ನು ದೂಷಿಸುವ ಮೊದಲು ಚೈನನ್ನು ಅಳೆಯಿರಿ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಅಂಗುಲ, ಆದ್ದರಿಂದ 24 ಕೊಂಡಿಗಳಿಗೆ ಸರಿಯಾಗಿ 12 ಅಂಗುಲ. ಅದು 12 ಅಂಗುಲದ ಮೇಲೆ ಎಂಟನೆಯ ಒಂದು ಭಾಗ ದಾಟಿದ್ದರೆ ಶೇಕಡ 1ಕ್ಕೂ ಹೆಚ್ಚು ಸವೆದಿದೆ, ಹಲ್ಲುಗಳನ್ನೂ ತನ್ನ ಜೊತೆ ಸವೆಸಿರುತ್ತದೆ. ಆಗ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹೊಸ ಚೈನನ್ನು ಸವೆದ ಹಲ್ಲಿನ ಮೇಲೆ ಹಾಕಿದರೆ ಇನ್ನೂ ಹೆಚ್ಚು ಜಾರುತ್ತದೆ.

ಹೊಸ ಫ್ರೀವೀಲು ಹುಡುಕುವುದು ಕಷ್ಟವಲ್ಲ, ಏಕೆಂದರೆ ಅದರ ತ್ರೆಡ್ಡು ಬಹುತೇಕ ಎಲ್ಲೆಡೆ 1.37 ಅಂಗುಲ, 24 ಎಳೆಯದೇ. ಹಳೆಯದನ್ನು ಬಿಚ್ಚುವುದೇ ಕಷ್ಟ, ಸಲಕರಣೆ ಕೂರುವ ಕಚ್ಚುಗಳ ಆಕಾರ ತಯಾರಕರಿಗೆ ತಕ್ಕಂತೆ ಬದಲಾಗುತ್ತದೆ. ಸಲಕರಣೆ ಸಿಗದಿದ್ದರೆ, ಹಳೆಯದು ಉಳಿಯಬೇಕಿಲ್ಲ ಎಂದು ನಿರ್ಧರಿಸಿದ ಮೇಲೆ, ಇದನ್ನು ಮಾಡಬಹುದು. ಮುಖದ ಮೇಲೆ ಎರಡು ಸಣ್ಣ ಗುಳಿಗಳಿರುವ ಮುಚ್ಚಳದ ಬಳೆ ಕಾಣುತ್ತದೆ. ಅದಕ್ಕೆ ಎಡಗೈ ತ್ರೆಡ್ಡು. ಗುಳಿಯಲ್ಲಿ ಪಂಚು ಇಟ್ಟು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಹೊಡೆದರೆ ಸಡಿಲವಾಗುತ್ತದೆ. ಕೆಳಗೆ ಬಟ್ಟೆ ಹಾಸಿಕೊಳ್ಳಿ, ಒಳಗಿನ ಗುಂಡುಗಳು ಸಾಸಿವೆಯ ಹಾಗೆ ಚೆಲ್ಲುತ್ತವೆ. ಹಲ್ಲಿನ ಚಕ್ರ ಕೈಗೆ ಬಂದ ಮೇಲೆ ಹಬ್ಬಿನಲ್ಲಿ ಉಳಿಯುವ ಒಳಗಿನ ತುಂಡನ್ನು ಬೆಂಚ್ ವೈಸಿನಲ್ಲಿ ಗಟ್ಟಿಯಾಗಿ ಹಿಡಿದು, ಚಕ್ರವನ್ನೇ ಎರಡು ಕೈಗಳಿಂದ ಎಡಕ್ಕೆ ತಿರುಗಿಸಿ. ಇದಕ್ಕೆ ಚಕ್ರ ಪೂರ್ತಿಯಾಗಿ ಕಟ್ಟಿದ ಸ್ಥಿತಿಯಲ್ಲಿರಬೇಕು. ಕಡ್ಡಿಗಳನ್ನು ಕತ್ತರಿಸಿ ಹಬ್ಬನ್ನು ಬೇರೆ ಮಾಡಿದವರಿಗೆ ಆಮೇಲೆ ತಿರುಗಿಸಲು ಹಿಡಿತವೇ ಇರುವುದಿಲ್ಲ.

ಉತ್ತರ 4

ಕ್ರ್ಯಾಂಕಿನ ಇಡೀ ಜೋಡಣೆಯನ್ನು ಬದಲಿಸುವ ಸಲಹೆಯನ್ನು ನಾನು ಒಪ್ಪಲಾರೆ. ಆಕ್ಸಲ್ಲು ಬದಲಾದರೆ ಚೈನಿನ ನೇರ ಬದಲಾಗುತ್ತದೆ, ಕ್ರ್ಯಾಂಕು ಬದಲಾದರೆ ಚೈನ್‌ಕವರಿಗೆ ತಗಲುತ್ತದೆ, ಅದನ್ನು ಸರಿಮಾಡಲು ಇನ್ನೇನೋ ಬದಲಿಸಬೇಕಾಗುತ್ತದೆ. ಒಂದು ಪಿನ್ನಿಗಾಗಿ ಆರಂಭವಾದ ಹುಡುಕಾಟ ನಾಲ್ಕು ಭಾಗಗಳ ಹುಡುಕಾಟವಾಗುತ್ತದೆ. ಆಕ್ಸಲ್ಲಿನ ಕೊರೆದ ಮುಖ ಇನ್ನೂ ಚಪ್ಪಟೆಯಾಗಿದ್ದರೆ ಪಿನ್ನು ಬದಲಿಸಿ ಅದನ್ನೇ ಉಳಿಸಿಕೊಳ್ಳಿ. ಮುಖ ಗುಳಿಬಿದ್ದಿದ್ದರೆ ಮಾತ್ರ ಆಕ್ಸಲ್ಲು ಹುಡುಕಿ. ಆಗ ಒಟ್ಟು ಉದ್ದವೊಂದನ್ನೇ ಬರೆದುಕೊಂಡರೆ ಸಾಲದು. ಗುಂಡುಗಳು ಓಡುವ ಎರಡು ಹಾದಿಗಳ ನಡುವಿನ ಅಂತರ, ಅಲ್ಲಿಂದ ಎರಡೂ ತುದಿಗಳಿಗಿರುವ ಉದ್ದ, ಇವೂ ಬೇಕು. ಆ ಎರಡು ಬದಿಗಳು ಸಮವಿಲ್ಲದಿದ್ದಲ್ಲಿ ಉದ್ದದ ಬದಿ ಚೈನಿನ ಕಡೆಗೆ ಬರುತ್ತದೆ.

ಯಾವುದನ್ನು ಹುಡುಕಿ ದಣಿಯಬೇಕು, ಯಾವುದಕ್ಕೆ ದಣಿಯಬೇಕಿಲ್ಲ ಎಂಬುದೂ ಮುಖ್ಯ. ಗುಂಡುಗಳಿಗೆ ಸೈಕಲ್ಲಿನ ಹೆಸರು ಹೇಳುವ ಅಗತ್ಯವೇ ಇಲ್ಲ. ಹಿಂದಿನ ಹಬ್ಬಿಗೂ ಕ್ರ್ಯಾಂಕಿನ ಆಕ್ಸಲ್ಲಿಗೂ ಸಾಮಾನ್ಯವಾಗಿ ಕಾಲು ಅಂಗುಲದವು, ಮುಂದಿನ ಹಬ್ಬಿಗೆ ಹದಿನಾರನೆಯ ಮೂರು ಅಂಗುಲದವು. ಬೇರಿಂಗು ಮಾರುವವರೆಲ್ಲರ ಬಳಿಯೂ ಇವು ಸಿಗುತ್ತವೆ. ಒಂದು ಬದಿಯ ಗುಂಡುಗಳನ್ನು ಪೂರ್ತಿ ಬದಲಿಸಿ, ಹಳೆಯದರ ಜೊತೆ ಹೊಸದನ್ನು ಬೆರೆಸಬೇಡಿ. ಹಬ್ಬಿನ ಗುಂಡುಗಳನ್ನು ಒತ್ತಿಹಿಡಿಯುವ ಶಂಕುವಿನಾಕಾರದ ನಟ್ಟಿನ, ಅಂದರೆ ಕೋನಿನ, ವಿಷಯ ಹಾಗಲ್ಲ. ಅದರ ತ್ರೆಡ್ಡು, ಗುಂಡು ಓಡುವ ಬಾಗು, ಧೂಳುತಟ್ಟೆಯ ಅಗಲ ಎಲ್ಲವೂ ಕೂಡಿಬರಬೇಕು. ಆದ್ದರಿಂದ ಗುಜರಿಗೆ ಹೋಗುವ ಯಾವ ಸೈಕಲ್ಲನ್ನು ಕಂಡರೂ ಮೊದಲು ಕೋನುಗಳನ್ನು, ಕಾಟರ್ ಪಿನ್ನುಗಳನ್ನು, ಆಕ್ಸಲ್ಲುಗಳನ್ನು ಬಿಚ್ಚಿಟ್ಟುಕೊಳ್ಳಿ. ನಾನು ಅವುಗಳನ್ನು ಎಣ್ಣೆ ಕಾಗದದಲ್ಲಿ ಸುತ್ತಿ, ಅಳತೆ ಬರೆದ ಚೀಟಿಯೊಂದನ್ನು ಕಟ್ಟಿ ಡಬ್ಬಿಯಲ್ಲಿಡುತ್ತೇನೆ. ಚೀಟಿಯಿಲ್ಲದ ಭಾಗ ಐದು ವರ್ಷದ ನಂತರ ಬರೀ ಕಬ್ಬಿಣ.

ಬಳಸಿದ ಭಾಗ ಎಲ್ಲದಕ್ಕೂ ಸಲ್ಲದು. ಮುಂದಿನ ಫೋರ್ಕು, ಹ್ಯಾಂಡಲಿನ ಕಂಬ, ಬ್ರೇಕಿನ ತಂತಿ ಇವು ಮೂರರಲ್ಲಿ ಬಿರುಕು, ಬಾಗು ಅಥವಾ ಹರಿದ ಎಳೆ ಕಂಡರೆ ಎಸೆಯಿರಿ. ಸಿಗುತ್ತಿಲ್ಲವೆಂಬ ಕಾರಣಕ್ಕೆ ಬೆಸುಗೆ ಹಾಕಿಸಿ ಓಡಿಸಿದ ಹ್ಯಾಂಡಲಿನ ಕಂಬವೊಂದು ಇಳಿಜಾರಿನಲ್ಲಿ ಮುರಿದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಓಡಿಸುತ್ತಿದ್ದವರ ಮುಂಗೈ ಮೂಳೆ ಸೇರಲು ತಿಂಗಳುಗಳೇ ಹಿಡಿದವು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ.

ಕ್ರ್ಯಾಂಕಿನ ತೂತು 9.5 ಮಿ.ಮೀ. ಬಂತು. ಸಲೀಸಾಗಿ ಇಳಿದಿದ್ದ ಪಿನ್ನು 9ರದು. ಅರ್ಧಕ್ಕೆ ನಿಂತದ್ದು 9.5ರದೇ, ಅಂದರೆ ಸರಿಯಾದ ಪಿನ್ನು ಎರಡು ತಿಂಗಳಿಂದ ಮನೆಯಲ್ಲೇ ಇತ್ತು, ಅದರ ಚಪ್ಪಟೆ ಮುಖ ಮಾತ್ರ ಎತ್ತರವಾಗಿತ್ತು. ಮಸಿ ಬಳಿದು ಏಳು ಸಲ ಅರ ಹಾಕಿದ ಮೇಲೆ ಮುಖ ಪೂರ್ತಿ ಕೂತಿತು. ಸದ್ದು ನಿಂತಿದೆ.

ರಿಮ್ಮಿನ ಸುತ್ತಳತೆ 1853 ಬಂತು. 37-590 ಎಂದು ಕೇಳಿದಾಗ ಮೊದಲಿಬ್ಬರಿಗೆ ಅರ್ಥವಾಗಲಿಲ್ಲ, ಮೂರನೆಯವರು ಟಯರಿನ ಪಕ್ಕೆ ಓದಿ ಹುಡುಕಿಕೊಟ್ಟರು. ಅದು ಕೈಬೆರಳಿನಿಂದಲೇ ಕೂತಿತು, ಲಿವರು ಬೇಕಾಗಲಿಲ್ಲ.

ಚೈನಿನ 24 ಕೊಂಡಿಗಳು 12 ಅಂಗುಲದ ಮೇಲೆ ಹದಿನಾರನೆಯ ಮೂರು ಭಾಗ ಬಂದವು. ಚೈನು, ಫ್ರೀವೀಲು ಎರಡನ್ನೂ ಬದಲಿಸಿದೆ. ಮುಚ್ಚಳದ ಬಳೆಯನ್ನು ಅಭ್ಯಾಸಬಲದಿಂದ ಮೊದಲು ಎಡಕ್ಕೇ ಹೊಡೆದೆ, ತಪ್ಪು ತಿಳಿದು ಬಲಕ್ಕೆ ಹೊಡೆದಾಗ ನಾಲ್ಕನೆಯ ಏಟಿಗೆ ಕದಲಿತು.

ಈಗ ಉಳಿದಿರುವುದು ಒಂದೇ. ಪಕ್ಕದಿಂದ ನೋಡಿದರೆ ಎರಡು ಕ್ರ್ಯಾಂಕುಗಳು ಒಂದೇ ನೇರದಲ್ಲಿಲ್ಲ, ಪೆಡಲಿನ ಬಳಿ ಸುಮಾರು ಒಂದು ಬೆರಳಿನಷ್ಟು ಓರೆಯಾಗಿದೆ. ಪಿನ್ನುಗಳ ದಿಕ್ಕು ಹೇಳಿದಂತೆಯೇ ಇದೆ. ಇದನ್ನು ಹಾಗೆಯೇ ಬಿಡಬಹುದೇ?

ಉತ್ತರ 1ರವರಿಂದ

ಬಿಡಬಹುದು, ಆದರೆ ದೂರ ಓಡಿಸಿದರೆ ಒಂದು ಮಂಡಿ ಬೇಗ ನೋಯುತ್ತದೆ. ಬಲಗಡೆಯ ಹಳೆಯ ಪಿನ್ನು ಸವೆದು ತೆಳುವಾಗಿದೆ, ಎಡಗಡೆಯ ಹೊಸದು ಇನ್ನೂ ದಪ್ಪವಾಗಿದೆ, ಓರೆಗೆ ಅದೇ ಕಾರಣವಿರಬೇಕು. ಎಡಗಡೆಯದನ್ನು ಇನ್ನೂ ಉಜ್ಜಿ ಹಳೆಯದಕ್ಕೆ ಹೊಂದಿಸಲು ಹೋಗಬೇಡಿ. ತಾವು ತಂದ ಕಡೆಯಿಂದಲೇ ಅದೇ ಪಿನ್ನಿನ ಇನ್ನೊಂದನ್ನು ತಂದು ಬಲಕ್ಕೂ ಹೊಸದನ್ನೇ ಹಾಕಿ, ಎರಡರ ಮುಖಗಳನ್ನೂ ಅಕ್ಕಪಕ್ಕ ಇಟ್ಟು ಒಂದೇ ದಪ್ಪಕ್ಕೆ ಬರುವಂತೆ ಅರ ಹಾಕಿ. ಮೊದಲ ದಿನ ಓಡಿಸಿ ಬಂದ ಮೇಲೆ ಕೊಳವೆಯ ಆಧಾರ ಕೊಟ್ಟು ಎರಡಕ್ಕೂ ಇನ್ನೊಂದು ಏಟು ಹಾಕಿ, ನಟ್ಟುಗಳನ್ನು ಮತ್ತೆ ಬಿಗಿಯಿರಿ. ವಾರದ ನಂತರ ಇನ್ನೊಮ್ಮೆ ಸ್ಪ್ಯಾನರು ಹಾಕಿ ನೋಡಿ. ಆಗ ನಟ್ಟು ಕಾಲು ಸುತ್ತೂ ತಿರುಗದಿದ್ದರೆ ಪಿನ್ನು ಕೂತಿದೆ ಎಂದೇ ಲೆಕ್ಕ.